ತಂದೆಯ ಕೈಗೇ

ಆ ಶಾಲೆಯಲ್ಲಿ ಮಕ್ಕಳ ಬಳಿ ಸಿಕ್ಕ ಫೋನನ್ನು ತಂದೆಯ ಕೈಗೇ ಕೊಡಬೇಕೆಂದು ನಿಯಮ ಮಾಡಿದವರು ಹೆಡ್‌ಮೇಡಂ. ಅವತ್ತು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಊಟದ ಡಬ್ಬಿಯಲ್ಲಿ ಅವಳ ಅವ್ವನ ಫೋನು ಸಿಕ್ಕಿತು.

"ಹೊಡೀರಿ ಮೇಡಂ, ಬಿಸಲಾಗ ನಿಲ್ಲಸ್ರಿ. ಅಪ್ಪಗ ಮಾತ್ರ ಹೇಳಬ್ಯಾಡ್ರಿ," ಎಂದು ಹುಡುಗಿ ಅವರ ಕಾಲು ಹಿಡಿದಳು.

"ಯಾರಿಗೆ ಫೋನ್ ಹಚ್ಚಿದ್ದಿ?"

"ನಿಮಗ ಹೇಳಿದ್ರ ನೀವು ಅಪ್ಪಗ ಹೇಳ್ತೀರಿ."

ಮೇಡಂ ಇಪ್ಪತ್ತು ವರ್ಷದಿಂದ ಇಂಥ ಹುಡುಗಿಯರನ್ನು ಕಂಡವರು. ಹೀಗೆ ಬಾಯಿ ಬಿಡದಿದ್ದರೆ ಹಿಂದೆ ಒಬ್ಬ ಹುಡುಗ ಇದ್ದೇ ಇರುತ್ತಾನೆ. ಅವರು ತಂದೆಗೆ ಹೇಳಿ ಕಳಿಸಿದರು.

ಅರ್ಧ ಗಂಟೆಯಲ್ಲಿ ಬಂದ ಅಪ್ಪ ರಿಜಿಸ್ಟರಿನಲ್ಲಿ ಸಹಿ ಹಾಕಿ, ಫೋನು ಇಸಿದುಕೊಂಡು ಕೈಮುಗಿದ. "ಛಲೋ ಮಾಡಿದ್ರಿ ಮೇಡಂ, ನಮ್ಮ ಮನಿ ಮರ್ಯಾದಿ ಉಳಿಸಿದ್ರಿ."

ಅಷ್ಟರಲ್ಲಿ ಫೋನು ಅವನ ಅಂಗೈಯಲ್ಲೇ ರಿಂಗಾಯಿತು.

"ಯಾವ ಹುಡುಗ ಅಂತ ನೀವೂ ಕೇಳ್ರಿ," ಎನ್ನುತ್ತ ಅವನು ಸ್ಪೀಕರ್ ಹಾಕಿದ.

ಹೆಂಗಸಿನ ದನಿಯೊಂದು ಕೋಣೆ ತುಂಬ ಕೇಳಿಸಿತು: "ಮಕ್ಕಳ ಸಹಾಯವಾಣಿಯಿಂದ ಮಾತಾಡಾಕತ್ತೀನಿ ತಂಗಿ. ಶುಕ್ರವಾರ ನಿನ್ನ ಮದಿವಿ ನಿಲ್ಲಸಾಕ ಪೊಲೀಸರನ್ನ ಕರಕೊಂಡು ಬರ್ತೀವಿ. ಅಲ್ಲೀತನಕ ನಿಮ್ಮಪ್ಪಗ ಸುಳಿವು ಸಿಗಬಾರದು ನೋಡವ್ವ."