ಹನ್ನೊಂದನೆಯ ಪಾಲು

“ಈ ಕೊನೇ ಹೆಸರು ಬ್ಯಾಡ,” ಎಂದು ಶಿವಪುತ್ರಪ್ಪ ಗೌಡರು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದಿದ್ದ ಸಾಲನ್ನು ಹೆಬ್ಬೆರಳಿನಿಂದ ತಿಕ್ಕಿಬಿಟ್ಟರು. ಅಳಿಸಿಹೋದದ್ದು ‘ಕೆಳಗಿನ ಕೇರಿ’. ಶಿರಸಿಯ ಕಲ್ಲು ಕೆತ್ತುವ ಅಂಗಡಿಯಲ್ಲಿ ಅವರ ಪಕ್ಕವೇ ನಿಂತಿದ್ದ ಗುರುಶಾಂತವ್ವನ ಕಿವಿ ಬಿಸಿಯಾಯಿತು.

“ಅವ್ರೂ ನಮ್ಮಷ್ಟ ಬರದಾರಲ್ರಿ ಗೌಡ್ರ.”

“ಬರೀಬ್ಯಾಡ್ರಿ ಅಂದೆವೇನು? ಶಿವನಾಮ, ಯಾರರ ಬರೀಲಿ. ಮಂಟಪದ ಕಲ್ಲಿನ ಮ್ಯಾಲ ಬ್ಯಾಡ, ಅಷ್ಟ.”

ಹೊಸ ಮಂಟಪದ ತಳಪಾಯದಲ್ಲಿಡಲು ಪುಸ್ತಕಗಳಲ್ಲಿ ಒಂದು ಕೋಟಿ ಶಿವನಾಮ ಬರೆಯುವುದೆಂದು ಊರು ನಿಶ್ಚಯಿಸಿದಾಗ, ಸೊನ್ನೆಗೆ ಮುಗಿಸಬಾರದೆಂದು ಮೇಲೊಂದು ಸೇರಿಸಿದ್ದರು. ಹತ್ತು ಕೇರಿಗೆ ಹತ್ತು ಹತ್ತು ಲಕ್ಷ. ಉಳಿದ ಆ ಒಂದು ನಾಮ ಯಾರು ಬರೆಯಬೇಕೆಂದು ಜಗಳ ಹತ್ತಿ ಸಭೆಯೇ ಮುರಿದಿತ್ತು. ಲೆಕ್ಕದ ಜವಾಬ್ದಾರಿ ಹೊತ್ತಿದ್ದ ಗುರುಶಾಂತವ್ವ ಎರಡರಿಂದ ಹತ್ತರವರೆಗೆ ಒಂದೊಂದಾಗಿ ಭಾಗಿಸಿ ನೋಡಿದಳು. ಯಾವುದಕ್ಕೂ ಆ ಸಂಖ್ಯೆ ಬಗ್ಗಲಿಲ್ಲ. ಹನ್ನೊಂದರಿಂದ ಭಾಗಿಸಿದಾಗ ಮಾತ್ರ ಒಂದೂ ಉಳಿಯದೆ ತಲಾ ಒಂಬತ್ತು ಲಕ್ಷ ಒಂಬತ್ತು ಸಾವಿರದ ತೊಂಬತ್ತೊಂದು ಬಂತು. ಅಂದು ಹನ್ನೊಂದನೆಯ ಪಾಲಿಗೆ ಕೆಳಗಿನ ಕೇರಿಯವರನ್ನು ಕರೆದು ತಂದವರು ಇದೇ ಗೌಡರು.

“ಹಂಗಾರ ಅವ್ರ ಪುಸ್ತಕ ತಿರುಗಿ ಕೊಟ್ಟುಬಿಡ್ರಿ.”

“ಎಲ್ಲಿಂದ ಕೊಡ್ಲಿ? ಮಂಟಪದ ತಳಪಾಯದಾಗ ಇಟ್ಟು ಕಾಂಕ್ರೀಟ್ ಹಾಕೇವಿ. ನೀನೂ ಇದ್ದೆಲ್ಲ.” ಗೌಡರು ನಕ್ಕರು. “ಸಂಜೀ ಶಾಲಿ ಕಲ್ತವ್ರಿಗೆ ಲೆಕ್ಕ ಬಂದರ ವ್ಯವಹಾರ ಬರಂಗಿಲ್ಲ ನೋಡು.”

ಇದ್ದಳು. ಹನ್ನೊಂದೂ ಕಟ್ಟುಗಳನ್ನು ಎಣಿಸಿ ಕೆಳಗಿಳಿಸಿದವಳೇ ಅವಳು. ಕೆಳಗಿನ ಕೇರಿಯ ಪುಸ್ತಕಗಳಲ್ಲಿ ಮಾತ್ರ ಒಂದು ಚಿತ್ತೂ ಇರಲಿಲ್ಲ; ತಪ್ಪಿದರೆ ಯಾರೇನು ಅಂದಾರೋ ಎಂಬ ಭಯದಲ್ಲಿ ಬರೆದ ಅಕ್ಷರಗಳು. ಈಗ ಅವರ ಶಿವ ಅಡಿಪಾಯಕ್ಕೆ ಬೇಕು, ಅವರ ಹೆಸರು ಬೇಡ.

ಅವಳು ಒಂದು ಕೇರಿಯ ಪಾಲನ್ನು ಮನಸ್ಸಿನಲ್ಲೇ ಎರಡು ಸಲ ಹತ್ತರಿಂದ ಗುಣಿಸಿದಳು. ತನ್ನ ಲೆಕ್ಕವೇ ತಪ್ಪಿದ್ದರೆ ಎಂಬ ಅಳುಕು ಇನ್ನೂ ಹೋಗಿರಲಿಲ್ಲ. ಮೂರನೆಯ ಸಲವೂ ಗುಣಿಸಿದಳು. ಆಮೇಲೆ ಕಲ್ಕುಟಿಗ ಸದಾಶಿವನ ಡಬ್ಬಿಯಿಂದ ಸೀಮೆಸುಣ್ಣ ಎತ್ತಿಕೊಂಡು, ಕಲ್ಲಿನ ನೆತ್ತಿಯಲ್ಲಿದ್ದ 1,00,00,001ಕ್ಕೆ ಅಡ್ಡಗೆರೆ ಎಳೆದು ಕೆಳಗೆ ಬರೆದಳು: 90,90,910.

“ಏನದು?” ಎಂದರು ಗೌಡರು.

“ಹತ್ತು ಕೇರಿ ಬರದದ್ದು ಇಷ್ಟರಿ. ಹತ್ತ ಹೆಸರು ಅಂದ್ರ ಇದನ್ನ ಕೆತ್ತಸ್ರಿ. ಕೋಟಿ ಬೇಕಂದ್ರ ಹನ್ನೊಂದು ಹೆಸರು ಕೆತ್ತಸ್ರಿ.”

“ಆಮಂತ್ರಣದಾಗ ಕೋಟಿ ಅಂತ ಅಚ್ಚಾಗೇತಿ, ಗುರುಶಾಂತವ್ವ.” ಗೌಡರ ದನಿ ಇಳಿದಿತ್ತು.

ಅವಳು ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿದಳು. ಸದಾಶಿವ ಉಳಿಯ ಮೊನೆಯನ್ನು ಸೀಮೆಸುಣ್ಣದ ಮೊದಲ ಒಂಬತ್ತರ ಮೇಲಿಟ್ಟು, ಸುತ್ತಿಗೆ ಎತ್ತಿ ಹಿಡಿದು, ಗೌಡರ ಮುಖವನ್ನೇ ನೋಡುತ್ತ ಕುಳಿತ.