ಬಿಳಿ ಹಲ್ಲು

ಕೊಳವೆಬಾವಿಯ ನೀರು ಕುಡಿಯುವ ಆ ಊರಿನಲ್ಲಿ ಎಲ್ಲರ ಹಲ್ಲೂ ಕಂದು. ಹಾಲುಹಲ್ಲು ಬಿದ್ದ ಮಗಳಿಗೆ ಮಾತ್ರ ಅಚ್ಚ ಬಿಳಿಯ ಹೊಸ ಹಲ್ಲು ಬಂದವು. ಅಪ್ಪ ಅದನ್ನು ನೋಡಿದವನೇ ಹೆಂಡತಿಯ ತುರುಬಿಗೆ ಕೈ ಹಾಕಿದ.

"ನನ್ನ ಹಲ್ಲು ಕಂದು, ನಿನ್ನವೂ ಕಂದು. ಇವಳಿಗೆಲ್ಲಿಂದ ಬಂತೇ ಬಿಳಿ ಹಲ್ಲು? ಪ್ಯಾಟೆಯಿಂದ ಬರ್ತಾನಲ್ಲ ಆ ಮೇಷ್ಟ್ರು, ಅವನದೇ ತಾನೆ?"

"ಥೂ, ನಿನ್ನ ಬಾಯಿಗೆ ಹುಳ ಬೀಳ! ಹೇಳೋದು ಕೇಳು..."

"ಕೇಳೋದೇನೈತೆ? ಇವಳನ್ನೂ ಕರ್ಕೊಂಡು ತವರಿಗೆ ನಡಿ!"

ಸೊಸೆಯ ಮುಖ ಕಂಡರಾಗದ ಅತ್ತೆ ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದಳು. ಅವನು ಅವಳತ್ತ ತಿರುಗಿದ.

"ನೀನೇ ಹೇಳವ್ವಾ, ನಮ್ಮ ವಂಶದಾಗೆ ಇಂಥ ಹಲ್ಲು ಯಾರಿಗೈತೆ?"

ಮುದುಕಿ ಕುಟ್ಟುವುದನ್ನು ನಿಲ್ಲಿಸಿದಳು.

"ಹಲ್ಲು ಕೆಡೋದು ವಂಶದಿಂದಲ್ಲ ಕಣ್ಲಾ, ಬೋರಿನ ನೀರಾಗಿರೋ ಫ್ಲೋರೈಡಿಂದ ಅಂತ ನರ್ಸಮ್ಮ ಅವತ್ತೇ ಹೇಳಿದ್ಲು. ಕೂಸು ಹುಟ್ಟಿದಾಗಿಂದ ಸೂರಿನ ಮಳೆನೀರು ಹಿಡಿದು, ಸೋಸಿ ಕುಡಿಸಿ ಸಾಕಿದಾಳೆ ಇವಳು. ನಿನ್ನ ಮಗಳು ಯಾವ ಕೊಡದ ನೀರು ಕುಡೀತಾಳೆ ಅಂತ ಒಂದಿನನಾರ ನೋಡಿದ್ದೀಯೇನ್ಲಾ?"