ಟ್ಯಾಂಕಿನ ಮುಚ್ಚಳ

ಅಪ್ಪನ ಕಾಲದ ಟೂ-ಸ್ಟ್ರೋಕ್ ಬೈಕು ಅಚ್ಯುತನನ್ನು ದಿನವೂ ತಕರಾರಿಲ್ಲದೆ ಕೆಲಸಕ್ಕೆ ಮುಟ್ಟಿಸುತ್ತಿತ್ತು. ಹೆಂಡತಿ ವಿನೋದಾ ಹಿಂದೆ ಕೂತ ದಿನ ಮಾತ್ರ ಊರು ದಾಟುವಷ್ಟರಲ್ಲಿ ಉಸಿರು ಕಟ್ಟಿದಂತಾಗಿ ನಿಂತುಬಿಡುತ್ತಿತ್ತು. ಪ್ಲಗ್ ಬದಲಾಯಿಸಿದ್ದಾಯಿತು, ಕಾರ್ಬುರೇಟರ್ ತೊಳೆಸಿದ್ದಾಯಿತು, ಸೈಲೆನ್ಸರಿನ ಮಸಿ ಕೆರೆಸಿದ್ದೂ ಆಯಿತು.

“ನಾಳೆ ನನ್ನ ತಂಗಿ ಮನೆ ಗೃಹಪ್ರವೇಶ. ದಾರೀಲಿ ನಿಲ್ತೋ, ನಾನು ಬಸ್ಸಿಗೆ, ಇದು ಗುಜರಿಗೆ,” ಎಂದಳು ವಿನೋದಾ.

ಅವನು ಮತ್ತೆ ಮೆಕ್ಯಾನಿಕ್ ಬಳಿ ಓಡಿದ. ಮೆಕ್ಯಾನಿಕ್ ಈ ಸಲ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕಳಚಿ ಬೆಳಕಿಗೆ ಹಿಡಿದ.

“ಗಾಳಿ ತೂತಿನ ಅಂಚಲ್ಲಿ ಏನೋ ಮೆತ್ತಿದ್ದು ಉಳಿದಿದೆ ಸಾರ್. ಗಾಳಿ ಹೋಗ್ದಿದ್ರೆ ಪೆಟ್ರೋಲ್ ಕೆಳಗಿಳಿಯಲ್ಲ. ಒಣಗಿ ಉದುರಿದ್ರೆ ಗಾಡಿ ಮತ್ತೆ ಸರಿ.”

“ತಾನಾಗೇ ಮೆತ್ಕೊಳತ್ತಾ?”

“ಬೆರಳಲ್ಲಿ ಒತ್ತಿರೋ ಹಾಗಿದೆ. ಇದನ್ನ ಗುಜರಿಗೆ ಹಾಕ್ಸೋ ಆಸೆ ಮನೇಲಿ ಯಾರಿಗಿದೆ?” ಎಂದು ಮೆಕ್ಯಾನಿಕ್ ನಕ್ಕ. ಅಚ್ಯುತನಿಗೆ ನಗು ಬರಲಿಲ್ಲ.

ಮರುದಿನ ಅವನು ಬಚ್ಚಲಿನ ನಲ್ಲಿ ತಿರುಗಿಸಿಟ್ಟು, ಸ್ನಾನಕ್ಕೆ ಹೋದಂತೆ ಮಾಡಿ, ಕಿಟಕಿಯ ಮರೆಯಲ್ಲಿ ನಿಂತ. ರೇಷ್ಮೆ ಸೀರೆಯುಟ್ಟ ವಿನೋದಾ ಹೊರಬಂದು, ಅತ್ತಿತ್ತ ನೋಡಿ, ಟ್ಯಾಂಕಿನ ಮುಚ್ಚಳಕ್ಕೆ ಬೆರಳೊತ್ತಿದಳು. ಸಿಕ್ಕಿಬಿದ್ದಳು ಎಂದುಕೊಂಡು ಅವನು ಬಾಗಿಲಿಗೆ ಧಾವಿಸಿದ.

ಅವಳ ಇನ್ನೊಂದು ಕೈಯಲ್ಲಿ ದೇವರ ಮನೆಯ ಗಂಧದ ಬಟ್ಟಲಿತ್ತು. ಮುಚ್ಚಳದ ಮೇಲಿಟ್ಟ ಬೊಟ್ಟು ಗಂಡನ ಕಣ್ಣಿಗೆ ಬೀಳದಂತೆ ಅದನ್ನು ರೇಷ್ಮೆ ಸೆರಗಿನಿಂದಲೇ ಒರೆಸಿದಳು; ತೂತಿನೊಳಗೆ ಇಳಿದ ಗಂಧ ಅಲ್ಲೇ ಉಳಿಯಿತು. ಕಣ್ಣುಮುಚ್ಚಿ ಪಿಸುಗುಟ್ಟಿದಳು: “ದೇವ್ರೇ, ಇವತ್ತಾದ್ರೂ ಇದು ನಿಲ್ದೇ ಇರ್ಲಪ್ಪ. ಇದನ್ನ ಮಾರಿದ್ರೆ ನಮ್ಮನೆಯವರು ತಡ್ಕೊಳಲ್ಲ.”